ಛತ್ರಿಯ ಸಂದು ಹಿಡಿದು ನಿಂತ ಮಧ್ಯಾಹ್ನ

ಆ ವ್ಯಾನಿಗೆ ನಾನು ಕೊಟ್ಟದ್ದು ನಲವತ್ತೊಂದು ಸಾವಿರ. ಕೇಳಿದ್ದು ಅರವತ್ತು. ಕಣ್ಣಿನ ಆಪರೇಷನ್ ಕ್ಯಾಂಪಿಗೆಂದು ಊರೂರು ತಿರುಗಿ ಹಳತಾದ ಗಾಡಿ. ಒಳಗೆ ಗೋಡೆಗೆ ಬಿಗಿದ ಮಂಚ, ಕೈ ತೊಳೆಯುವ ಸಿಂಕು, ನೀರಿನ ಟ್ಯಾಂಕು, ಔಷಧಿಯ ಕಪಾಟು, ಬ್ಯಾಟರಿಯಿಂದ ಉರಿಯುವ ದೀಪಗಳು. "ಈ ಮಂಚ, ಸಿಂಕು ಎಲ್ಲ ಕಿತ್ತು ಹಾಕ್ಸೋಕೇ ನಂಗೆ ಇನ್ನಷ್ಟು ಖರ್ಚು ಬರ್ತತೆ" ಎಂದು ಮುಖ ಹುಳ್ಳಗೆ ಮಾಡಿಕೊಂಡು ಬೆಲೆ ಇಳಿಸಿದೆ. ಶಿಕಾರಿಪುರಕ್ಕೆ ತಂದ ದಿನವೇ ಅದೇ ಮಂಚದ ಮೇಲೆ ಹಾಸಿಗೆ ಹಾಸಿದೆ. ಮಾರುವವನಿಗೆ ಬೇಡವಾದದ್ದು ಏನೆಂದು ಮೊದಲು ತಿಳಿದುಕೊಳ್ಳಿ. ಬೆಲೆ ಅಲ್ಲೇ ಅಡಗಿರುತ್ತದೆ.

ಛತ್ರಿಯ ಖರ್ಚು ಬೇರೆ. ಆಗಿನ ಕಾಲಕ್ಕೆ ಡಿಶ್ ಆಂಟೆನಾವನ್ನು ನಮ್ಮ ಕಡೆ ಎಲ್ಲರೂ ಛತ್ರಿ ಎಂದೇ ಕರೆಯುತ್ತಿದ್ದರು. ಜಾಲರಿಯ ದಳಗಳನ್ನು ಬಿಚ್ಚಿ ಜೋಡಿಸಬಹುದಾದ ದೊಡ್ಡ ಛತ್ರಿಯನ್ನು, ರಿಸೀವರ್ ಪೆಟ್ಟಿಗೆಯ ಸಮೇತ, ಕೇಬಲ್ ವ್ಯವಹಾರ ಕೈಬಿಟ್ಟಿದ್ದ ಒಬ್ಬನಿಂದ ಏಳು ಸಾವಿರಕ್ಕೆ ತಂದೆ. ಬ್ಯಾಟರಿಯಲ್ಲೂ ನಡೆಯುವ ಒಂದು ಸಣ್ಣ ಕಪ್ಪು ಬಿಳುಪು ಟಿವಿ ಮನೆಯಲ್ಲೇ ಇತ್ತು.

ಗಾಡಿಗೆ ಛತ್ರಿ ಏಕೆ ಎಂದು ಕೇಳಿದವರಿಗೆಲ್ಲ ನಾನು ವ್ಯಾಪಾರದ ಕಾರಣ ಹೇಳುತ್ತಿದ್ದೆ. ಅದು ಸುಳ್ಳೇನಲ್ಲ. ನಮ್ಮದು ಕುರಿ ಸಾಕುವ ಮನೆ. ನಾನು ಕುರಿ ಕಾಯುವುದು ಬಿಟ್ಟು ಕುರಿ, ಉಣ್ಣೆ ಕೊಳ್ಳುವ ವ್ಯಾಪಾರಕ್ಕೆ ಇಳಿದವನು. ಭತ್ತದ ಕೊಯ್ಲು ಮುಗಿದ ಮೇಲೆ ಬಯಲುಸೀಮೆಯ ಕುರಿಹಿಂಡುಗಳು ಸೊರಬದ ಕಡೆಗೆ ಬರುತ್ತವೆ. ರೈತರು ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗಿ ಗೊಬ್ಬರ ಬೀಳಬೇಕು, ಅದಕ್ಕೆ ಬದಲಾಗಿ ಕುರಿಯವರಿಗೆ ಕಾಳು, ಊಟ. ಸಂತೆಗೆ ಬಂದ ಕುರಿಗೆ ಹತ್ತು ಜನ ಕೈ ಹಾಕುತ್ತಾರೆ. ಮಂದೆಯ ಹತ್ತಿರವೇ ಹೋಗಿ ಬಿಡಾರ ಹೂಡಿದವನಿಗೆ ಪೈಪೋಟಿಯೇ ಇರುವುದಿಲ್ಲ. ಟಿವಿ ಮುಂದೆ ಕೂತ ಮನುಷ್ಯ ಬೇಗ ಏಳುವುದಿಲ್ಲ. ಬೇಗ ಏಳದವನ ಜೊತೆ ಮಾತು ಕುದುರುತ್ತದೆ. ಹೀಗೆ ಲೆಕ್ಕ ಹಾಕಿದ್ದೆ.

ಆದರೆ ಅಷ್ಟಕ್ಕೇ ಏಳು ಸಾವಿರ ಬಿಚ್ಚುವ ಗಂಡಸು ನಾನಲ್ಲ. ನಿಜವಾದ ಕಾರಣ ನನ್ನ ಹೆಂಡತಿ. ಅವಳಿಗಿಂತ ಹೆಚ್ಚಾಗಿ ಅವಳ ತಾಯಿ.

ಅತ್ತೆಯದು ಬಳ್ಳಿಗಾವಿ. ಆ ವರ್ಷದ ಬೇಸಿಗೆಯಲ್ಲಿ, ಆಗಷ್ಟೇ ಶುರುವಾಗಿದ್ದ ಒಂದು ಕನ್ನಡ ಚಾನೆಲ್ಲಿನವರು ಅಲ್ಲಿನ ಹಳೆಯ ಗುಡಿಗಳ ಚಿತ್ರ ತೆಗೆಯಲು ಬಂದಿದ್ದರಂತೆ. ಗುಡಿ ಮುಗಿಸಿ ಓಣಿಯಲ್ಲಿ ಬರುವಾಗ ಬೀಸುವ ಕಲ್ಲಿನ ಸದ್ದು, ಅದರ ಜೊತೆ ಹಾಡು ಕೇಳಿಸಿದೆ. ಒಳಗೆ ಹೋಗಿ ನೋಡಿದರೆ ಅತ್ತೆ ಜೋಳ ಬೀಸುತ್ತಾ ಕೂತಿದ್ದಾರೆ. ಬೇಡ ಬೇಡ ಎಂದರೂ ಬಿಡದೆ ಹಾಡಿಸಿ ಚಿತ್ರ ಹಿಡಿದುಕೊಂಡು ಹೋದರು. ಮುಂದೆ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು, ಒಂದು ವಾರ ಮಲಗಿದರು, ತೀರಿಕೊಂಡರು.

ಅವರ ಒಂದು ಫೋಟೋವೂ ಮನೆಯಲ್ಲಿರಲಿಲ್ಲ. ನಮ್ಮ ಮದುವೆಯ ಫೋಟೋಗಳಲ್ಲಿ ಹುಡುಕಿದೆವು. ಫೋಟೋದವನು ಬಂದಾಗಲೆಲ್ಲ ಅವರು ಅಡುಗೆಯ ಕಡೆ ಇದ್ದರು. ಒಂದರಲ್ಲಿ ಮಾತ್ರ ಇದ್ದಾರೆ, ಅದರಲ್ಲೂ ಸೆರಗು ಮುಖದ ಮೇಲೆ. ನನ್ನ ಹೆಂಡತಿ ಆ ಫೋಟೋವನ್ನು ಬಹಳ ಹೊತ್ತು ನೋಡಿ ಮಡಚಿದ ಸೀರೆಯ ಕೆಳಗೆ ಇಟ್ಟಳು. ಕೆಲವು ದಿನ ಕಳೆದ ಮೇಲೆ, ರೊಟ್ಟಿ ತಟ್ಟುತ್ತಾ, ನನ್ನ ಕಡೆ ತಿರುಗದೆ ಹೇಳಿದಳು:

"ಅವ್ವನ ಮುಖ ದಿನಾ ಸ್ವಲ್ಪ ಸ್ವಲ್ಪ ಹೋಗ್ತತೆ ಕಣ್ರೀ. ನಿನ್ನೆ ಮೂಗು ನೆನಪಿತ್ತು. ಇವತ್ತು ಎಷ್ಟು ನೆನಸ್ಕೊಂಡ್ರೂ ಬರವಲ್ದು."



ಚಾನೆಲ್ಲಿನವರಿಗೆ ದಾರಿ ತೋರಿಸಿದ್ದ ಬಳ್ಳಿಗಾವಿಯ ಮೇಷ್ಟ್ರೊಬ್ಬರು ಭರವಸೆ ಕೊಟ್ಟಿದ್ದರು: ಚಿತ್ರ ಇನ್ನೂ ತೋರಿಸಿಲ್ಲ, ಚಳಿಗಾಲದಲ್ಲಿ ಯಾವಾಗಲೋ ಬರುತ್ತದೆ, ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಚಳಿಗಾಲದಲ್ಲಿ ನಾವು ಮನೆಯಲ್ಲಿ ಇರುವುದಿಲ್ಲ. ಇದ್ದರೂ ಪ್ರಯೋಜನವಿಲ್ಲ, ನಮ್ಮ ಓಣಿಯ ಕೇಬಲ್ಲಿನವನು ಹಗಲಿನಲ್ಲಿ ಆ ಚಾನೆಲ್ಲು ತೆಗೆದು ತನ್ನ ಕ್ಯಾಸೆಟ್ಟಿನ ಸಿನಿಮಾ ಹಾಕುತ್ತಿದ್ದ. ಸೊರಬದಲ್ಲಿ ಗುರುತಿನವರ ಮನೆಗೆ ಹೋಗೋಣವೆಂದರೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವವರಿಲ್ಲ. ಕರೆಂಟು ನಮ್ಮ ಕೈಯಲ್ಲಿಲ್ಲ, ಬ್ಯಾಟರಿ ನಮ್ಮ ಕೈಯಲ್ಲಿದೆ. ಅದಕ್ಕೇ ಛತ್ರಿ ತಂದದ್ದು.

ತಂದ ಹೊಸತರಲ್ಲಿ ಚಿತ್ರ ಕನ್ನಡಿಯ ಹಾಗೆ ಬರುತ್ತಿತ್ತು. ಗಾಡಿಯ ಹಿಂದೆ ಕಬ್ಬಿಣದ ಕಂಬ ನೆಟ್ಟು, ದಳ ಜೋಡಿಸಿ, ದಕ್ಷಿಣದ ಆಕಾಶಕ್ಕೆ ಮುಖ ಮಾಡಿ ಕೂಡಿಸುವುದನ್ನು ನಾನೇ ಕಲಿತೆ. ಛತ್ರಿಯ ನಡುವಿನಿಂದ ಮೂರು ಕಡ್ಡಿ ಎದ್ದು, ಅವುಗಳ ತುದಿಯಲ್ಲಿ ಒಂದು ಲೋಹದ ಕೊಂಬು ಇರುತ್ತದೆ. ಆಕಾಶದಿಂದ ಬಂದದ್ದನ್ನು ಹಿಡಿಯುವುದು ಅದೇ. ಕೊಂಬಿನ ಬೆನ್ನಿಗೆ ದಪ್ಪ ತಂತಿ ಸಿಕ್ಕಿಸಿ ಗಾಡಿಯೊಳಗಿನ ರಿಸೀವರಿಗೆ ತರಬೇಕು. ಕೊಂಬಿಗೆ ಕರೆಂಟು ಹತ್ತುವುದೂ ಅದೇ ತಂತಿಯಲ್ಲಿ, ಚಿತ್ರ ಇಳಿಯುವುದೂ ಅದೇ ತಂತಿಯಲ್ಲಿ. ಇಷ್ಟು ತಿಳಿದರೆ ಅರ್ಧ ರಿಪೇರಿ ಕಲಿತಂತೆ.

ಒಂದು ದಿನ ಇದ್ದಕ್ಕಿದ್ದಂತೆ ಚಿತ್ರ ಹೋಯಿತು. ಪರದೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಬರೀ ಚುಕ್ಕಿ, ಕಿವಿಗೆ ಬರೀ ಸುಯ್ ಎಂಬ ಸದ್ದು. ತಂತಿ ಗಾಡಿಯಿಂದ ಕಂಬದವರೆಗೆ ನೆಲದ ಮೇಲೇ ಬಿದ್ದಿತ್ತು, ಪಕ್ಕದಲ್ಲೇ ಮಂದೆ. ನನಗೆ ಮೊದಲು ಸಂಶಯ ಬಂದದ್ದು ಕುರಿಗಳ ಜೊತೆಗಿದ್ದ ಆಡುಗಳ ಮೇಲೆ. ಮಂದೆಯ ಯಜಮಾನ ಒಬ್ಬ ಅಜ್ಜ, ಬಾಯಿ ಬಹಳ ಜೋರು.

"ಅಜ್ಜಾ, ನಿನ್ನ ಆಡು ನನ್ನ ತಂತಿ ಅಗ್ದಾವೆ ನೋಡು."

"ಹೊಲ ತುಂಬ ಹಸ್ರು ಬಿಟ್ಟು ನಿನ್ನ ತಂತಿ ತಿನ್ನಾಕೆ ನಮ್ಮ ಆಡಿಗೇನು ಬರ ಬಂದೈತೇನೋ? ತಿಂದಿದ್ರೆ ಹಿಕ್ಕೆ ಒಳಗೆ ತಾಮ್ರ ಬೀಳಬೇಕಿತ್ತು. ಹುಡ್ಕ್ಯ, ಸಿಕ್ರೆ ನೀನೇ ಮಡಿಕ್ಯ."

ಸುತ್ತ ನಿಂತವರು ನಕ್ಕರು. ತಂತಿಯನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದೆ. ಎಲ್ಲೂ ಹಲ್ಲಿನ ಗುರುತಿಲ್ಲ. ಕೊಂಬಿನ ಬೆನ್ನಿಗೆ ತಂತಿ ಸೇರುವ ಸಂದು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು ಮತ್ತೆ ಸಿಕ್ಕಿಸಿದೆ. ಚಿತ್ರ ಬಂತು. ಇಬ್ಬನಿ ಕೂತಿರಬೇಕು ಎಂದುಕೊಂಡೆ.

ಮುಂದಿನ ತಿಂಗಳು ಅದೇ ಪಾಡು. ಈ ಸಲ ಒರೆಸಿದರೂ ಬರಲಿಲ್ಲ. ಕೊಂಬು, ತಂತಿ ಎರಡನ್ನೂ ಬಿಚ್ಚಿಕೊಂಡು ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಲೆ ಆಡಿಸಿದ.

"ಹೋಯ್ತು ಮಾರಾಯ್ರೆ ಇದು. ಹೊಸದೇ ಹಾಕ್ಬೇಕು."

"ಒಣಗಿಸಿ ನೋಡಿದ್ಯಾ?"

"ಒಣಗ್ಸೋಕೆ ಇದೇನು ಕೊಬ್ಬರಿನಾ ಮಾರಾಯ್ರೆ?"

"ಹೊಸದು ಹಾಕಿ, ಅದೂ ಓಡ್ದಿದ್ರೆ?"

"ಆಮೇಲೆ ರಿಸೀವರ್ ನೋಡಣ."

"ಅದಕ್ಕೂ ಮುಂದೆ ಟಿವಿ ನೋಡ್ತೀಯ, ಆಮೇಲೆ ನನ್ನ ಜೇಬು ನೋಡ್ತೀಯ. ಆ ಸಂದನ್ನ ಬ್ಲೇಡಲ್ಲಿ ಕೆರೆದು ಕೊಡು ಸಾಕು, ತುದಿಗೆ ಒಂದು ಹೊಸ ಪಿನ್ನು ಹಾಕು."

ಕೆರೆದ. ಒಳಗೆ ಹಸಿರು ಕಿಲುಬು ಕಟ್ಟಿತ್ತು. ತಂತಿಯ ತುದಿಗೆ ಹೊಸ ಪಿನ್ನು ಹಾಕಿಸಿದೆ. ಮತ್ತೆ ಚಿತ್ರ ಬಂತು. ಅಂಗಡಿಯವನು ನನ್ನನ್ನು ಜಿಪುಣ ಎಂದ ಹಾಗೆ ಕೇಳಿಸಿತು. ಕೇಳಿಸದವನ ಹಾಗೆ ಬಂದೆ.

ಅಷ್ಟರಲ್ಲಿ ಮೇಷ್ಟ್ರ ಸುದ್ದಿ ಬಂತು. ಬರುವ ಅಮಾವಾಸ್ಯೆಯ ದಿನ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಕಾರ್ಯಕ್ರಮ. ಸುದ್ದಿ ಕೇಳಿದ ದಿನದಿಂದ ನನ್ನ ಹೆಂಡತಿಯ ನಡೆಯೇ ಬದಲಾಯಿತು. ಛತ್ರಿಯ ಮೇಲೆ ಕಾಗೆ ಕೂತರೆ ಓಡಿಸುವಳು. ಗಾಡಿ ಹೊರಟರೆ ಕೊಂಬನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂರುವಳು. ಎದುರು ಲಾರಿ ಬಂದು ನಾನು ಬ್ರೇಕು ಒತ್ತಿದರೆ ತನ್ನ ತಲೆ ಬಡಿದುಕೊಂಡರೂ ಸರಿ, ಕೊಂಬಿಗೆ ಕೈ ಅಡ್ಡ ಹಿಡಿಯುವಳು.

ಅಮಾವಾಸ್ಯೆಯ ಹಿಂದಿನ ದಿನವೇ ಸೊರಬದ ದಾರಿಯಲ್ಲಿ ಗದ್ದೆಯೊಂದರ ಬದುವಿನಲ್ಲಿ ಗಾಡಿ ನಿಲ್ಲಿಸಿದೆ. ಅಜ್ಜನ ಮಂದೆಯೂ ಅಲ್ಲೇ ಇತ್ತು. ಸಂಜೆ ಛತ್ರಿ ಜೋಡಿಸಿ, ಚಾನೆಲ್ಲು ಹಿಡಿದು, ಬ್ಯಾಟರಿಯ ನೀರು ನೋಡಿ ಎಲ್ಲ ಸರಿ ಎಂದು ಖಾತ್ರಿ ಮಾಡಿಕೊಂಡೆ. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಸುದ್ದಿ ಓದುವ ಹೆಣ್ಣುಮಗಳ ಕಿವಿಯ ಓಲೆಯ ಹರಳು ಎಣಿಸಬಹುದಿತ್ತು.

ಬೆಳಿಗ್ಗೆ ಹೆಂಡತಿ ಗಾಡಿಗೆ ಅಮಾವಾಸ್ಯೆಯ ಪೂಜೆ ಮಾಡಿದಳು. ನಮ್ಮ ಕಡೆ ವ್ಯಾಪಾರಸ್ಥರು ಅಂಗಡಿಗೂ ಗಾಡಿಗೂ ಪ್ರತಿ ಅಮಾವಾಸ್ಯೆ ಪೂಜೆ ತಪ್ಪಿಸುವುದಿಲ್ಲ. ಚಕ್ರಕ್ಕೆ ನಿಂಬೆಹಣ್ಣು, ಮುಂಭಾಗಕ್ಕೆ ವಿಭೂತಿ, ಕುಂಕುಮ, ತೆಂಗಿನಕಾಯಿ. ನಾನು ಅಜ್ಜನ ಜೊತೆ ಎರಡು ಟಗರಿನ ಬೆಲೆ ಮಾತಾಡುತ್ತಿದ್ದೆ. ಆ ಕಡೆ ನೋಡಲಿಲ್ಲ.

ಊಟ ಮುಗಿಸಿ ಟಿವಿ ಹಾಕಿದೆ. ಎಳ್ಳು ಚೆಲ್ಲಿತು.

ಹೆಂಡತಿ ಮಂಚದ ಮೇಲೆ, ಟಿವಿಯ ಎದುರಿಗೆ, ತಲೆ ಬಾಚಿ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ತಾಯಿಯ ಮನೆಗೆ ಹೊರಟವಳ ಹಾಗೆ. ನನ್ನ ಮುಖ ನೋಡಿದಳು.

ಕೈ ನಡುಗಿದರೆ ಕೆಲಸ ಕೆಡುತ್ತದೆ. ಮನಸ್ಸಿಗೆ ಹಗ್ಗ ಹಾಕಿ ಟಿವಿಯಿಂದ ಶುರು ಮಾಡಿದೆ. ಟಿವಿಗೂ ರಿಸೀವರಿಗೂ ನಡುವಿನ ಸಣ್ಣ ತಂತಿ ಬದಲಿಸಿದೆ. ಎಳ್ಳು ಹಾಗೇ ಇತ್ತು. ಅಂದರೆ ತೊಂದರೆ ಆಚೆ. ದಪ್ಪ ತಂತಿಯನ್ನು ರಿಸೀವರಿನಿಂದ ಕಿತ್ತೆ. ರಿಸೀವರಿನ ಮಂಕಾಗಿದ್ದ ದೀಪ ಪ್ರಕಾಶವಾಗಿ ಉರಿಯಿತು. ಸಿಕ್ಕಿಸಿದೆ, ಮಂಕಾಯಿತು. ಅಂದರೆ ರಿಸೀವರು ಗಟ್ಟಿ ಇದೆ, ಆ ತಂತಿಯ ದಾರಿಯಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ತಂತಿ ಹಿಡಿದುಕೊಂಡೇ ಹೊರಗೆ ಬಂದೆ. ನೆಲ, ಕಂಬ, ಕಡ್ಡಿ. ಆಗ ಕಂಡಿತು: ಕಂಬದ ಬುಡದಿಂದ ಒಂದು ಕಪ್ಪು ಗೆರೆ ಮೇಲಕ್ಕೆ ಹತ್ತಿತ್ತು. ಇರುವೆ. ಜಾಲರಿಯನ್ನು ದಾಟಿ, ಕಡ್ಡಿಯ ಮೇಲೆ ಸಾಲಾಗಿ ಹೋಗಿ, ಕೊಂಬಿನ ಬೆನ್ನಿನ ಸಂದಿನಲ್ಲಿ ಮುತ್ತಿದ್ದವು. ಗಾಡಿಯ ಹಿಂದಿನ ಮೆಟ್ಟಿಲು ಹತ್ತಿ ಸಂದಿಗೆ ಬೆರಳು ಒತ್ತಿ ಮೂಸಿದೆ. ತೆಂಗಿನಕಾಯಿಯ ನೀರು.

ಕೊಂಬಿಗೆ ಕುಂಕುಮವೂ ಇತ್ತು.

ಹಿಂದಿನ ಎರಡು ಸಲವೂ ಚಿತ್ರ ಹೋದದ್ದು ಅಮಾವಾಸ್ಯೆ ಕಳೆದ ಮೇಲೆಯೇ. ಗಾಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ದೇವರು ಯಾವುದು ಎಂದು ನನ್ನ ಹೆಂಡತಿಗೆ ಗೊತ್ತಿತ್ತು. ಚಕ್ರಕ್ಕೆ ನಾಲ್ಕು ಹನಿ ಹಾಕಿ, ಉಳಿದ ನೀರನ್ನೆಲ್ಲ ವೀಳ್ಯದೆಲೆಯಲ್ಲಿ ಅದ್ದಿ ಅದ್ದಿ ಕೊಂಬಿನ ನೆತ್ತಿಗೆ ಎರೆದಿದ್ದಳು.

ಅವಳು ಬಾಗಿಲಿಗೆ ಬಂದು ನಿಂತಿದ್ದಳು.

"ಏನಾಗೈತ್ರೀ?"

"ಏನಿಲ್ಲ. ಇಬ್ಬನಿ ನೀರು ಹೊಕ್ಕೈತೆ."

"ಇಬ್ಬನಿ ನೀರಿಗೆ ಇರುವೆ ಬರ್ತಾವೇನ್ರೀ?"

ಅವಳಿಗೆ ಸುಳ್ಳು ಮಾರುವುದು ನನ್ನಿಂದ ಯಾವತ್ತೂ ಆಗಲಿಲ್ಲ. ಅವಳು ತನ್ನ ಬಲಗೈ ನೋಡಿಕೊಂಡಳು. "ನಾನೇ ಹಾಕಿದ್ದು" ಎಂದಳು. "ಅವ್ವ ಬರ್ಲಿ ಅಂತ ಹಾಕಿದ್ದು."

"ಬರ್ತಾಳೆ, ನೀನು ಒಳಗೆ ಹೋಗಿ ಕೂತ್ಕ" ಎಂದೆ. ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಮಂದೆಯ ಅಂಚಿನಿಂದ ಅಜ್ಜ ಎದ್ದು ಬಂದ.

ಸಂದಿನಲ್ಲಿದ್ದ ತಂತಿಯ ತುದಿ ಒರೆಸುವಷ್ಟರಲ್ಲಿ ಮುರಿದು ಕೈಗೆ ಬಂತು. ಸಂದಿನಲ್ಲಿ ಉಳಿದಿದ್ದ ಹಳೆಯ ಪಸೆಗೆ ಹೊಸ ಪಿನ್ನೂ ಒಳಗಿನಿಂದ ಪೂರಾ ತಿಂದುಹೋಗಿತ್ತು. ಬೇರೆ ಪಿನ್ನು ಇಲ್ಲ. ಸೊರಬಕ್ಕೆ ಹೋಗಿ ಬರುವಷ್ಟು ಹೊತ್ತೂ ಇಲ್ಲ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಲ್ಲೇ ತಂತಿಯ ತುದಿ ಕತ್ತರಿಸಿದೆ, ಹಲ್ಲಿನಲ್ಲಿ ಸಿಪ್ಪೆ ಸುಲಿದೆ. ನಡುವೆ ಒಂದು ಗಟ್ಟಿ ತಾಮ್ರದ ಎಳೆ, ಸುತ್ತ ಹೆಣೆದ ಸಣ್ಣ ಎಳೆಗಳ ಜಡೆ. ಕೊಂಬಿನ ತೂತನ್ನು ಪಂಚೆಯ ತುದಿಯಿಂದ ಒರೆಸಿ, ಊದಿ, ನಡುವಿನ ಎಳೆಯನ್ನು ಒಳಗೆ ತೂರಿಸಿ, ಜಡೆಯನ್ನು ಹೊರಗಿನ ಲೋಹಕ್ಕೆ ಬೆರಳಿನಿಂದ ಒತ್ತಿ ಹಿಡಿದೆ. ಒಳಗಿನಿಂದ ಯಾರದೋ ಮಾತು ಕೇಳಿಸಿತು. ಟಿವಿಯ ಮಾತು.

ಕೈ ಬಿಟ್ಟೆ, ನಿಂತಿತು. ಹಿಡಿದೆ, ಬಂತು.

"ನೀ ಹೋಗಿ ನೋಡೋ, ನಾ ಹಿಡ್ಕಂತೀನಿ" ಎಂದು ಅಜ್ಜ ಮೆಟ್ಟಿಲು ಹತ್ತಿದ. ಹಿಡಿದ. ಅವನ ಬೆರಳು ನಡುಗುವ ವಯಸ್ಸಿನದು. ಮಾತು ಬಂದು, ಹೋಗಿ, ಬಂದು, ಹೋಗಿ, ತುಂಡು ತುಂಡಾಯಿತು. "ಟಗರಿನ ಕೊಂಬು ಹಿಡಿಯೋದು ಇದಕ್ಕಿಂತ ಸಲೀಸು" ಎಂದು ತಾನೇ ಇಳಿದ. ಮತ್ತೆ ನಾನೇ ಹಿಡಿದೆ.

ನಾನು ನಿಂತ ಜಾಗದಿಂದ, ತೆರೆದ ಹಿಂಬಾಗಿಲಿನ ಮೂಲಕ, ಗಾಡಿಯ ಒಳಗೆ ಕಾಣುತ್ತಿತ್ತು. ಆದರೆ ಟಿವಿ ಸಿಂಕಿನ ಮೇಲೆ ಅವಳ ಕಡೆಗೆ ಮುಖ ಮಾಡಿತ್ತು. ನನಗೆ ಕಂಡದ್ದು ಟಿವಿಯ ಬೆನ್ನು, ಅದರಾಚೆ ಮಂಚದ ಮೇಲೆ ಕೂತ ನನ್ನ ಹೆಂಡತಿ.

ಗುಡಿಗಳ ವಿಚಾರ ಬಹಳ ಹೊತ್ತು ನಡೆಯಿತು. ಕಂಬ, ಕೆತ್ತನೆ, ರಾಜರು. ನನ್ನ ಬೆರಳು ಮರಗಟ್ಟಿತು. ಇರುವೆಗಳು ನೆಲೆ ತಪ್ಪಿ ನನ್ನ ಮೊಣಕೈಗೆ ಹತ್ತಿದವು. ಕಚ್ಚಿದವು. ಆಮೇಲೆ ಬೀಸುವ ಕಲ್ಲಿನ ಸದ್ದು ಕೇಳಿಸಿತು.

ಅತ್ತೆಯ ದನಿ ನಾನು ಎಷ್ಟೋ ವರ್ಷ ಕೇಳಿದವನು. ಅಳಿಯ ಎಂದು ಎದುರಿಗೆ ಬರದೆ ಬಾಗಿಲ ಮರೆಯಿಂದಲೇ ಮಾತಾಡುತ್ತಿದ್ದವರು. ಈಗಲೂ ಹಾಗೆಯೇ, ದನಿ ಮಾತ್ರ ನನ್ನ ಪಾಲಿಗೆ ಬಂತು. ಹಾಡು ಸ್ವಲ್ಪ ಹೊತ್ತು ಹರಿಯಿತು, ಥಟ್ಟನೆ ನಿಂತಿತು. ಆಮೇಲೆ ಅದೇ ದನಿಯಲ್ಲಿ ಬೈಗುಳ:

"ಇನ್ನೆಷ್ಟು ಹೊತ್ತು ಬೀಸಬೇಕ್ರಪ್ಪಾ? ಜ್ವಾಳ ಮುಗ್ದು ಆಗ್ಲೇ ಎಷ್ಟೊತ್ತಾತು. ಬರೀ ಕಲ್ಲು ತಿರುಗಿಸ್ತಾ ಕೂತೀನಿ."

ಹೊರಗೆ ನಿಂತಿದ್ದ ಅಜ್ಜ ಗಹಗಹಿಸಿ ನಕ್ಕ. ಒಳಗೆ ನನ್ನ ಹೆಂಡತಿಯೂ ನಕ್ಕಳು. ನಕ್ಕ ಬಾಯಿ ಹಾಗೇ ತೆರೆದುಕೊಂಡು, ಕಣ್ಣಿನಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳುವಷ್ಟು ಹೊತ್ತು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ರೆಪ್ಪೆ ಬಡಿಯದೆ ಮುಂದಕ್ಕೆ ಬಾಗಿ, ಎರಡೂ ಕೈ ಮಂಡಿಯ ಮೇಲೆ ಊರಿ ನೋಡುತ್ತಿದ್ದಳು. ಪರದೆಯ ಬೆಳಕು ಅವಳ ಹಣೆಯ ಮೇಲೆ ಅಲ್ಲಾಡುತ್ತಿತ್ತು. ಆ ಗಳಿಗೆಯಲ್ಲಿ ಅವಳು ನನ್ನ ಹೆಂಡತಿಯ ಹಾಗೆ ಕಾಣಲಿಲ್ಲ. ಯಾರೋ ಊರಿನಿಂದ ಬರುವುದನ್ನು ಕಟ್ಟೆಯ ಮೇಲೆ ಕೂತು ಕಾಯುವ ಹುಡುಗಿಯ ಹಾಗೆ ಇದ್ದಳು.

"ಹಸ್ರು ಸೀರೆ ಉಟ್ಟಾಳ್ರೀ!" ಎಂದು ಕೂಗಿದಳು. "ದೀಪಾವಳಿಗೆ ನಾ ಕೊಡಿಸಿದ್ದು!"

"ಹೌದಾ" ಎಂದು ನಾನೂ ಕೂಗಿದೆ.

ಅದು ಕಪ್ಪು ಬಿಳುಪು ಟಿವಿ ಎಂದು ನನಗೆ ನೆನಪಾದದ್ದು ಆಮೇಲೆ. ಅವಳಿಗೆ ನೆನಪು ಮಾಡಲು ಹೋಗಲಿಲ್ಲ.

ಕಾರ್ಯಕ್ರಮ ಮುಗಿದು ಬೇರೆ ಏನೋ ಶುರುವಾದರೂ ನಾನು ಕೈ ಬಿಡಲಿಲ್ಲ. ಅವಳೇ ಇಳಿದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸಿದಳು. ಮೊಣಕೈ ಮೇಲಿನ ಇರುವೆ ಕೊಡವಿದಳು. "ಮೂಗು ಸಿಕ್ತು ಕಣ್ರೀ" ಎಂದಳು.

ಈಗ ಆ ಗಾಡಿ ಇಲ್ಲ. ಒಳ್ಳೆಯ ಬೆಲೆಗೇ ಮಾರಿದೆ. ಅವಳೂ ಇಲ್ಲ. ಅವಳ ಫೋಟೋ ನನ್ನ ಹತ್ತಿರ ಬೇಕಾದಷ್ಟಿವೆ. ಆ ಮಧ್ಯಾಹ್ನ ಕಳೆದ ಮೇಲೆ ನಾನು ಸುಮ್ಮನಿರಲಿಲ್ಲ, ಶಿಕಾರಿಪುರದ ಸ್ಟುಡಿಯೋಗೆ ಎಷ್ಟೋ ಸಲ ಕರೆದುಕೊಂಡು ಹೋದೆ. ಎಲ್ಲದರಲ್ಲೂ ಅವಳು ಕ್ಯಾಮೆರಾ ನೋಡುತ್ತಾ ಬಿಗಿಯಾಗಿ ಕೂತಿದ್ದಾಳೆ. ನನಗೆ ಬೇಕಾದ ಮುಖ ಅವುಗಳಲ್ಲಿ ಇಲ್ಲ. ಟಿವಿಯ ಬೆನ್ನಿನಾಚೆ ಕಂಡ ಆ ಮುಖವನ್ನು ಈಗಲೂ ದಿನಾ ಒಮ್ಮೆ ನೆನೆಸಿಕೊಳ್ಳುತ್ತೇನೆ. ಹಣೆ ಬರುತ್ತದೆ, ಊರಿದ ಕೈ ಬರುತ್ತದೆ. ಕೆಲವು ದಿನ ಉಳಿದದ್ದು ಬರುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಗಾಡಿಗೆ ಛತ್ರಿ ಕಟ್ಟುವವರಿದ್ದರೆ ನನ್ನ ಮಾತು ಕೇಳಿ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ನೀರು ಚಕ್ರಕ್ಕೆ ಹಾಕಿ, ಕೊಂಬಿಗೆ ಒಣ ಹೂವು ಸಾಕು. ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿ ಬಿಗಿಯಾಗಿ ಸುತ್ತಿ. ತಂತಿ ಸಂದಿಗೆ ಸೇರುವ ಮೊದಲು ಒಂದು ಜೋಲು ಬಿಡಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಚಿತ್ರ ಹೋದರೆ ಟಿವಿಯಿಂದ ಶುರು ಮಾಡಿ, ಮೆಟ್ಟಿಲು ಹತ್ತುವುದು ಕೊನೆಗೆ. ಇರುವೆ ಕಂಡರೆ ಓಡಿಸುವ ಮೊದಲು ಎಲ್ಲಿಗೆ ಹೋಗುತ್ತಿವೆ ನೋಡಿ. ಪಿನ್ನು ಕೊಳ್ಳುವಾಗ ಚೌಕಾಸಿ ಮಾಡಿ, ಆದರೆ ಒಂದು ಹೆಚ್ಚಿಗೆ ತನ್ನಿ. ಮತ್ತೆ, ಯಾರಿಗಾದರೂ ಯಾರದಾದರೂ ಮುಖ ತೋರಿಸಬೇಕಾದ ದಿನ, ಕೈ ನಡುಗದ ಒಬ್ಬರನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಿ. ಸಂದನ್ನು ಅವರು ಹಿಡಿಯಲಿ. ನೀವು ಒಳಗೆ ಹೋಗಿ ಮಂಚದ ಮೇಲೆ ಪಕ್ಕದಲ್ಲಿ ಕೂತುಕೊಳ್ಳಿ.